ಕೂಸಿಗೆ ಮೊದಲು ನೆಲ ಕೊಡಿ

(ಚಿಕ್ಕಮಗಳೂರಿನಲ್ಲಿ ತಾಯಂದಿರು, ಅಜ್ಜಿಯರು, ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ಮಕ್ಕಳ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದೆ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಅಜ್ಜಿಯರೂ ಬಂದು ಕುಳಿತಿದ್ದಾರೆ. ನನಗೆ ಅದು ಸಂತೋಷ, ಸ್ವಲ್ಪ ಭಯ ಕೂಡ. ಕೂಸನ್ನು ಮೀಯಿಸುವ, ಮಲಗಿಸುವ, ಎತ್ತಿಕೊಳ್ಳುವ ವಿಚಾರದಲ್ಲಿ ಮನೆಯ ಕೊನೆಯ ತೀರ್ಪು ಅವರದೇ. ಹಾಗಾಗಿ ಈ ಮಾತಿನಲ್ಲಿ ತಾಯಂದಿರಿಗೆ ಅರ್ಧ ಪಾಲು, ಅಜ್ಜಿಯರಿಗೆ ಅರ್ಧ ಪಾಲು.

ನನ್ನ ಬಳಿ ಬರುವವರು ಹೆಚ್ಚಾಗಿ ಕೇಳುವುದು ಇದನ್ನೇ: "ಮೇಡಂ, ಆರು ತಿಂಗಳು ತುಂಬಿತು, ಇನ್ನೂ ಕೂರುತ್ತಿಲ್ಲ. ಸುತ್ತ ದಿಂಬು ಕೊಟ್ಟು ಕೂರಿಸಿ ಅಭ್ಯಾಸ ಮಾಡಿಸಬೇಕೇ? ಪಕ್ಕದ ಮನೆಯ ಮಗು ಆಗಲೇ ಕಿಟಕಿ ಹಿಡಿದು ನಿಲ್ಲುತ್ತದೆ." ಬೇಡ ಎನ್ನುತ್ತೇನೆ. ಮಗು ತಾನಾಗಿ ತಲುಪದ ಭಂಗಿಯಲ್ಲಿ ಅದನ್ನು ತಂದು ಇಡಬೇಡಿ, ನೆಲದ ಮೇಲೆ ಬಿಡಿ. ಇಷ್ಟು ಹೇಳಿ ನಾನು ಕುಳಿತುಬಿಡಬಹುದಿತ್ತು. ಆದರೆ ಏಕೆ ಎಂದು ಬಿಡಿಸಿ ಹೇಳದಿದ್ದರೆ ನಾಳೆ ಬೆಳಿಗ್ಗೆ ದಿಂಬು ಮತ್ತೆ ಬರುತ್ತದೆ.

ಮೊದಲು ವಯಸ್ಸಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಆರೋಗ್ಯವಂತ ಮಕ್ಕಳ ಬೆಳವಣಿಗೆಯನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ನಮ್ಮ ದೇಶದಿಂದ ಅದರಲ್ಲಿ ಇದ್ದದ್ದು ದೆಹಲಿಯ ಮಕ್ಕಳು. ಆಸರೆಯಿಲ್ಲದೆ ಕೂರುವುದು 3.8 ತಿಂಗಳಿನಿಂದ 9.2 ತಿಂಗಳೊಳಗೆ. ಅಂಬೆಗಾಲು 5.2ರಿಂದ 13.5 ತಿಂಗಳೊಳಗೆ. ಯಾರ ಕೈಯನ್ನೂ ಹಿಡಿಯದೆ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಗಮನಿಸಿ, ಎಂಟು ತಿಂಗಳಿಗೆ ನಡೆದ ಮಗುವೂ ಹದಿನೇಳು ತಿಂಗಳಿಗೆ ನಡೆದ ಮಗುವೂ ಆರೋಗ್ಯವಂತ ಮಕ್ಕಳೇ. ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲ. ಕುಳಿತಲ್ಲಿಂದಲೇ ಜಾರಿಕೊಂಡು ಹೋಗುವ ಮಕ್ಕಳಿರುತ್ತವೆ, ಹೊಟ್ಟೆಯ ಮೇಲೆ ತೆವಳಿ ಸೀದಾ ಎದ್ದು ನಿಲ್ಲುವ ಮಕ್ಕಳೂ ಇರುತ್ತವೆ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಲೆಕ್ಕವನ್ನು ಬೇರೆ ಮಾಡಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸಿಗೆ ಈಗ ಎಂಟು ತಿಂಗಳಾಗಿದ್ದರೆ ಚಲನೆಯ ಲೆಕ್ಕಕ್ಕೆ ಅದು ಆರು ತಿಂಗಳ ಕೂಸು. ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ಎಣಿಸಿ. ಎಷ್ಟೋ ಮನೆಗಳ ಆತಂಕ ಇಷ್ಟರಲ್ಲೇ ಮುಗಿದುಹೋಗುತ್ತದೆ.

ಇನ್ನು ದಿಂಬಿನ ವಿಚಾರ. ಕೂರುವುದು ಎಂದರೆ ಬೆನ್ನು ನೆಟ್ಟಗಿರುವುದು ಎಂದು ನಾವು ತಿಳಿದಿದ್ದೇವೆ. ಮಗುವಿಗೆ ಕೂರುವುದು ಎಂದರೆ ಒಂದು ದಾರಿ. ಅಂಗಾತ ಮಲಗಿದ ಕೂಸು ಮೊದಲು ಮಗ್ಗುಲಾಗುತ್ತದೆ. ಮಗ್ಗುಲಲ್ಲೇ ಬಹಳ ಹೊತ್ತು ಆಡುತ್ತದೆ, ಈ ಹಂತವನ್ನು ಯಾರೂ ಗಮನಿಸುವುದಿಲ್ಲ. ಅಲ್ಲಿಂದ ಬೋರಲಾಗುತ್ತದೆ. ಮೊದಲ ದಿನಗಳಲ್ಲಿ ಒಂದು ಕೈ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡು ಅಳುತ್ತದೆ. ಆ ಕೈಯನ್ನು ಹೊರಗೆ ಎಳೆದುಕೊಳ್ಳಬೇಕಾದರೆ ದೇಹದ ಭಾರವನ್ನು ಇನ್ನೊಂದು ಪಕ್ಕಕ್ಕೆ ಹಾಕಬೇಕು. ಇದೇ ಮುಂದಿನ ಎಲ್ಲ ಚಲನೆಗೂ ಮೂಲ ವಿದ್ಯೆ. ತೆವಳುವುದಕ್ಕೂ ಅದೇ ಬೇಕು, ಮೆಟ್ಟಿಲು ಹತ್ತುವುದಕ್ಕೂ ಅದೇ, ಒಂದು ಕಾಲೆತ್ತಿ ಹೆಜ್ಜೆ ಇಡುವುದಕ್ಕೂ ಅದೇ. ಆಮೇಲೆ ಅಂಗೈ ಊರಿ ಎದೆ ಎತ್ತುತ್ತದೆ, ಮಂಡಿಯನ್ನು ಹೊಟ್ಟೆಯಡಿಗೆ ತರುತ್ತದೆ, ನಾಲ್ಕು ಕಾಲಿನ ಮೇಲೆ ನಿಂತು ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಹೀಗೆ ತೂಗುತ್ತಿರುವಾಗ ಒಂದು ದಿನ ಸೊಂಟವನ್ನು ಒಂದು ಪಕ್ಕಕ್ಕೆ ಇಳಿಸಿ, ಕೈಯಿಂದ ತಳ್ಳಿ, ಕುಳಿತೇ ಬಿಡುತ್ತದೆ. ಬಹಳಷ್ಟು ಮಕ್ಕಳು ಕೂರುವುದನ್ನು ಹೀಗೆ ಪಕ್ಕದಿಂದ ಕಲಿಯುತ್ತವೆ. ನಾವು ಮೇಲಿನಿಂದ ಇಳಿಸಿ ಕೂರಿಸುತ್ತೇವೆ.

ಎರಡರ ವ್ಯತ್ಯಾಸ ನೋಡಬೇಕೆಂದರೆ ಮಗುವಿನ ಮುಂದೆ ಒಂದು ಚಮಚವನ್ನು ಗೇಣು ದೂರ ಇಡಿ. ತಾನಾಗಿ ಕುಳಿತ ಮಗು ಕೈ ಊರಿ, ಮಂಡಿಗೆ ಬಂದು, ಚಮಚ ತೆಗೆದುಕೊಂಡು ಮತ್ತೆ ಕೂರುತ್ತದೆ. ದಿಂಬಿನ ನಡುವೆ ಕೂರಿಸಿದ ಮಗು ಚಮಚವನ್ನೂ ನಿಮ್ಮನ್ನೂ ನೋಡಿ ಅಳುತ್ತದೆ. ಅದರ ಬೆನ್ನು ಗೂನಾಗಿದೆ, ಎರಡೂ ಕೈಗಳು ಬೀಳದಂತೆ ತಡೆಯುವುದರಲ್ಲೇ ತೊಡಗಿವೆ, ಅಲ್ಲಿಂದ ಹೊರಬರುವ ದಾರಿ ಅದಕ್ಕೆ ತಿಳಿಯದು. ಮಗು ಹಟ ಮಾಡುತ್ತದೆ ಎನ್ನುತ್ತೀರಿ. ನನ್ನ ಕಣ್ಣಿಗೆ ಅದು ಹಟವಲ್ಲ, ಸಿಕ್ಕಿಹಾಕಿಕೊಂಡ ಸಂಕಟ. ಅನ್ನ ತಿನ್ನಿಸುವಾಗ ತೊಡೆಯ ಮೇಲೆ ಸ್ವಲ್ಪ ಹೊತ್ತು ಒರಗಿಸಿಕೊಂಡು ಕೂರಿಸಿದರೆ ತೊಂದರೆಯಿಲ್ಲ. ನಾನು ಹೇಳುತ್ತಿರುವುದು ಗಂಟೆಗಟ್ಟಲೆ ಕೂರಿಸಿಡುವ ಅಭ್ಯಾಸದ ಬಗ್ಗೆ.

ಇದನ್ನು ಬಹಳ ಹಿಂದೆಯೇ ಗಟ್ಟಿಯಾಗಿ ಹೇಳಿದವರು ಎಮ್ಮಿ ಪಿಕ್ಲರ್ ಎಂಬ ಮಕ್ಕಳ ವೈದ್ಯೆ. 1902ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಅಲ್ಲೇ ವೈದ್ಯಕೀಯ ಓದಿ, ಹಂಗೆರಿಯ ಬುಡಾಪೆಸ್ಟಿನಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ನೋಡುತ್ತಿದ್ದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅನಾಥ ಶಿಶುಗಳಿಗಾಗಿ ಲೋತ್ಸಿ ಎಂಬ ಬೀದಿಯಲ್ಲಿ ಒಂದು ಶಿಶುನಿಲಯ ತೆರೆದರು. ಅಲ್ಲಿ ಯಾವ ಆರೈಕೆದಾರರೂ ಮಗುವನ್ನು ಕೂರಿಸುವಂತಿರಲಿಲ್ಲ, ಕೈ ಹಿಡಿದು ನಡೆಸುವಂತಿರಲಿಲ್ಲ. ಗಟ್ಟಿ ನೆಲ, ಸಡಿಲ ಬಟ್ಟೆ, ಕೈಗೆ ಎಟಕುವ ಒಂದೆರಡು ಆಟದ ಸಾಮಾನು. ಮೀಯಿಸುವಾಗ, ಉಣಿಸುವಾಗ, ಬಟ್ಟೆ ತೊಡಿಸುವಾಗ ಮಾತ್ರ ಆರೈಕೆದಾರರ ಪೂರ್ತಿ ಗಮನ ಮಗುವಿನ ಮೇಲೆ. ಯಾರೂ ಕಲಿಸದಿದ್ದರೂ ಅಲ್ಲಿನ ಮಕ್ಕಳು ಮಗುಚಿಕೊಂಡರು, ತೆವಳಿದರು, ಕುಳಿತರು, ನಡೆದರು. ಪಿಕ್ಲರ್ ಅದನ್ನೆಲ್ಲ ಬರೆದಿಟ್ಟರು.

ಒಂದು ವಿಷಯದಲ್ಲಿ ನಾನು ಪಿಕ್ಲರ್ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಕೂಸನ್ನು ಅಂಗಾತವೇ ಬಿಡಿ, ಬೋರಲಾಗುವುದನ್ನು ಅದೇ ಕಂಡುಕೊಳ್ಳಲಿ ಎಂಬುದು ಅವರ ಪಕ್ಷ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಇನ್ನೂ ತೆವಳದ ಕೂಸು ಎಚ್ಚರವಿರುವಾಗ ದಿನಕ್ಕೆ ಕನಿಷ್ಠ 30 ನಿಮಿಷ, ಬಿಡಿಬಿಡಿಯಾಗಿ, ಹೊಟ್ಟೆಯ ಮೇಲೆ ಇರಬೇಕು. ನಮ್ಮ ಮನೆಗಳಲ್ಲಿ ಕೂಸು ಹಗಲೆಲ್ಲ ತೊಟ್ಟಿಲು, ಜೋಲಿ, ತೋಳು ಇವುಗಳಲ್ಲೇ ಕಳೆಯುವುದರಿಂದ ನಾನು ಎರಡನೆಯ ಸಲಹೆಯ ಕಡೆಗೆ. ಆದರೆ ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು. ಬೋರಲು ಹಾಕುವುದು ಎಚ್ಚರವಿದ್ದಾಗ, ಎದುರಿಗೆ ಒಬ್ಬರು ಇದ್ದಾಗ.

ಇಲ್ಲಿ ಅಜ್ಜಿಯರಿಗೆ ಒಂದು ಸಂತೋಷದ ಮಾತು. ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಎರಡೂ ಕಾಲು ನೀಡಿಕೊಂಡು, ಕಾಲಿನ ಮೇಲೆ ಕೂಸನ್ನು ಬೋರಲು ಹಾಕಿ ಎಣ್ಣೆ ಹಚ್ಚಿ ನೀರು ಹಾಕುತ್ತೀರಲ್ಲ, ಕೂಸು ಆಗ ಕತ್ತು ಎತ್ತಿ ಎತ್ತಿ ನೋಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೇಳಿದ ಮೂವತ್ತು ನಿಮಿಷದಲ್ಲಿ ಸ್ವಲ್ಪ ಭಾಗ ಅಲ್ಲೇ ಸಂದಾಯವಾಯಿತು. ಸೊಂಟದ ಮೇಲೆ ಕಾಲು ಅಗಲಿಸಿ ಕೂಸನ್ನು ಕೂರಿಸಿಕೊಳ್ಳುವುದೂ ಒಳ್ಳೆಯದು. ಆ ಭಂಗಿಯಲ್ಲಿ ತೊಡೆಯ ಮೂಳೆಯ ಗುಂಡು ಸೊಂಟದ ಕುಣಿಯಲ್ಲಿ ಸರಿಯಾಗಿ ಕೂರುತ್ತದೆ. ಇದಕ್ಕೆ ವಿರುದ್ಧವಾದದ್ದು ಎರಡೂ ಕಾಲನ್ನು ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವುದು. ಜಪಾನಿನಲ್ಲಿ ಹೀಗೆ ಸುತ್ತುವುದನ್ನು ಬಿಡಿಸಲು 1975ರಲ್ಲಿ ದೇಶವ್ಯಾಪಿ ಪ್ರಚಾರ ನಡೆಯಿತು, ಆಮೇಲೆ ಮಕ್ಕಳ ಸೊಂಟದ ಕೀಲು ತಪ್ಪುವ ಪ್ರಕರಣಗಳು ಗಣನೀಯವಾಗಿ ಇಳಿದವು. ಚಳಿಗೆ ಸುತ್ತಲೇಬೇಕಾದರೆ ಎದೆಯ ಸುತ್ತ ಸುತ್ತಿ, ಕಾಲು ಮಡಿಸಿ ಒದೆಯುವಷ್ಟು ಸಡಿಲ ಇರಲಿ. ಎಣ್ಣೆ ನೀವುವುದು ಬೇಡವೆನ್ನುವುದಿಲ್ಲ, ಮೃದುವಾಗಿ ನೀವಿದರೆ ಕೂಸಿಗೆ ಹಿತ. ಕಾಲು ಹಿಡಿದು ತಲೆಕೆಳಗಾಗಿ ತೂಗಿಸುವುದು, ಕೈಕಾಲನ್ನು ಅಡ್ಡಡ್ಡ ಎಳೆದು ಲಟಿಕೆ ತೆಗೆಯುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು, ಈ ಮೂರನ್ನು ದಯವಿಟ್ಟು ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಅಂಬೆಗಾಲಿನ ವಿಚಾರ ಬಂದಾಗ ಚನ್ನಪಟ್ಟಣದ ಹತ್ತಿರದ ದೊಡ್ಡಮಳೂರಿನ ಅಂಬೆಗಾಲು ಕೃಷ್ಣ ನೆನಪಾಗುತ್ತಾನೆ. ನೀವೂ ಹೋಗಿರುತ್ತೀರಿ, ಮಗುವಾಗಲೆಂದು ಹರಕೆ ಹೊತ್ತವರು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ಆ ಕೃಷ್ಣನ ಒಂದು ಕೈಯಲ್ಲಿ ಬೆಣ್ಣೆ ಇದೆ. ಅಂದರೆ ಅವನು ಒಂದು ಕೈ, ಎರಡು ಮಂಡಿ, ಹೀಗೆ ಮೂರೇ ಆಸರೆಯ ಮೇಲೆ ಇದ್ದಾನೆ, ತಲೆಯನ್ನೂ ಎತ್ತಿದ್ದಾನೆ. ಶಿಲ್ಪಿ ಮಕ್ಕಳನ್ನು ಚೆನ್ನಾಗಿ ನೋಡಿದ್ದಾನೆ. ಅಂಬೆಗಾಲಿನಲ್ಲಿ ಪಳಗಿದ ಮಗು ಮಾತ್ರ ಒಂದು ಕೈಯನ್ನು ಬಿಡುವು ಮಾಡಿಕೊಂಡು ಸಾಮಾನು ಹೊತ್ತು ಸಾಗುತ್ತದೆ. ನಿಮ್ಮ ಮಗು ಆ ಹಂತಕ್ಕೆ ಬಂದರೆ ಅದಕ್ಕೆ ಭುಜದ ಬಲ ಸಾಕಷ್ಟು ಬಂದಿದೆ ಎಂದು ತಿಳಿಯಿರಿ.

ಈಗ ನಮ್ಮ ಜಿಲ್ಲೆಯದೇ ಆದ ಒಂದು ತೊಡಕು. ಕಡೂರು, ತರೀಕೆರೆ ಕಡೆಯವರಿಗೆ ಇದು ಅಷ್ಟು ಅನ್ವಯಿಸುವುದಿಲ್ಲ. ಕೊಪ್ಪ, ಶೃಂಗೇರಿ, ಮೂಡಿಗೆರೆಯವರು ಕೇಳಿ. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಸಂಶೋಧಕರು ಗಮನಿಸಿದ ಕೂಸುಗಳಲ್ಲಿ ಚಳಿಗಾಲದ ಕಡೆ ಹುಟ್ಟಿದವು ಸರಾಸರಿ 30 ವಾರಕ್ಕೆ ತೆವಳಿದವು, ಬೇಸಿಗೆಯ ಕಡೆ ಹುಟ್ಟಿದವು 35 ವಾರಕ್ಕೆ. ಕಾರಣ ಗ್ರಹಗತಿಯಲ್ಲ. ಚಳಿಗಾಲದಲ್ಲಿ ಹುಟ್ಟಿದ ಕೂಸಿಗೆ ತೆವಳುವ ವಯಸ್ಸು ಬರುವಾಗ ಅಲ್ಲಿ ಬೇಸಿಗೆ. ಮೈಮೇಲೆ ಬಟ್ಟೆ ಕಡಿಮೆ, ನೆಲದ ಮೇಲೆ ಹೊತ್ತು ಹೆಚ್ಚು. ನಮ್ಮ ಮಲೆನಾಡಿಗೆ ಈ ಲೆಕ್ಕವನ್ನು ಮಳೆಯಿಂದ ಹಾಕಬೇಕು. ಕಾರ್ತಿಕದಿಂದ ಪುಷ್ಯದೊಳಗೆ ಹುಟ್ಟಿದ ಕೂಸು ಏಳು ತಿಂಗಳಿಗೆ ಬರುವಾಗ ಹೊರಗೆ ಮಳೆ ಹಿಡಿದಿರುತ್ತದೆ. ಕಾವಿ ನೆಲ ಕೊರೆಯುತ್ತದೆ, ಬಟ್ಟೆ ಒಣಗುವುದಿಲ್ಲ, ಕೂಸಿಗೆ ಸ್ವೆಟರ್, ಟೋಪಿ, ಕಾಲುಚೀಲ ಹಾಕಿ ಮೂರು ತಿಂಗಳು ಹಾಸಿಗೆಯಿಂದ ಇಳಿಸುವುದೇ ಇಲ್ಲ.

ಇದಕ್ಕೆ ಮಾಡಬೇಕಾದದ್ದು ಸುಲಭ. ಕಂಬಳಿ ಹಾಸಿ, ಅದರ ಮೇಲೆ ಚಾಪೆಯನ್ನು ಬಿಗಿಯಾಗಿ ಹಾಸಿ. ಹತ್ತಿಯ ದಪ್ಪ ಹಾಸಿಗೆ, ಫೋಮ್ ಹಾಸಿಗೆ ಬೇಡ. ಕೂಸು ಕೈ ಊರಿ ತಳ್ಳಿದರೆ ಹಾಸಿಗೆ ಒಳಕ್ಕೆ ಹೋಗುತ್ತದೆ, ಮೈ ಮೇಲೆ ಬರುವುದಿಲ್ಲ. ಎದೆ, ಬೆನ್ನು ಬೆಚ್ಚಗಿರಲಿ, ಮಂಡಿ ಮತ್ತು ಪಾದ ಬರಿದಾಗಿರಲಿ. ನುಣುಪು ನೆಲದಲ್ಲಿ ಕಾಲುಚೀಲ ಹಾಕಿದ ಮಗು ಮಂಡಿಯನ್ನು ಒತ್ತಿ ಹಿಡಿಯಲಾರದೆ ಜಾರುತ್ತದೆ. ಒಲೆಯ ಕೋಣೆ ಬೆಚ್ಚಗಿರುತ್ತದೆಂದು ಅಲ್ಲಿ ಬಿಡುವವರಿದ್ದಾರೆ. ಹೊಗೆಯೂ ಬೆಂಕಿಯೂ ಇರುವ ಜಾಗ ಅದು, ಪಕ್ಕದ ಕೋಣೆ ಸಾಕು.

ಬಿದ್ದರೆ ಏನು ಗತಿ ಎಂದು ಕೇಳುತ್ತೀರಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳ ಆಟವನ್ನು ವಿಡಿಯೊದಲ್ಲಿ ಹಿಡಿದು ಎಣಿಸಿ 2012ರಲ್ಲಿ ಪ್ರಕಟಿಸಿದರು. ಒಂದು ಗಂಟೆಯ ಆಟದಲ್ಲಿ ಸರಾಸರಿ 2,368 ಹೆಜ್ಜೆ, 17 ಬಾರಿ ಬೀಳುವುದು. ನೀವು ಎಣಿಸಿದ್ದರೆ ನಿಮ್ಮ ಎದೆ ಒಡೆದುಹೋಗುತ್ತಿತ್ತು. ಮಕ್ಕಳು ಮಾತ್ರ ಬಹುಪಾಲು ಅಳದೆ ಎದ್ದು ಮತ್ತೆ ಹೊರಟಿದ್ದವು. ತನ್ನ ಎತ್ತರದಿಂದ ತಾನೇ ಬೀಳುವ ಮಗು ಮಂಡಿ ಮಡಿಸಿ, ಕೈ ಊರಿ, ಕುಳಿತಂತೆ ಬೀಳುತ್ತದೆ. ನೆಲದ ಮೇಲೆ ತಿಂಗಳುಗಟ್ಟಲೆ ಉರುಳಿ ತೆವಳಿದ ಮೈಗೆ ಬೀಳುವುದೂ ಗೊತ್ತಿರುತ್ತದೆ.

ಗೊತ್ತಿಲ್ಲದೆ ಬೀಳುವುದು ವಾಕರ್‌ನಿಂದ. ಮಗುವನ್ನು ನಡುವೆ ಕೂರಿಸುವ, ಸುತ್ತ ಚಕ್ರವಿರುವ ಪ್ಲಾಸ್ಟಿಕ್ ವಾಕರ್ ಬಗ್ಗೆ ಹೇಳುತ್ತಿದ್ದೇನೆ. ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಎರಡೆರಡು ಬರುತ್ತವೆ. ಅದರಲ್ಲಿ ಮಗು ತುದಿಗಾಲಿನಿಂದ ನೆಲ ತಳ್ಳುತ್ತದೆ, ತನ್ನ ಪಾದ ತನಗೇ ಕಾಣುವುದಿಲ್ಲ, ಭಾರವನ್ನು ಕಾಲು ಹೊರುವುದಿಲ್ಲ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಬರುವುದು ವೇಗ. ನಮ್ಮ ಹಳೆಯ ಮನೆಗಳ ಜಗಲಿಗೆ ಕಟಕಟೆ ಇರುವುದಿಲ್ಲ, ಕೆಳಗೆ ಕಲ್ಲಿನ ಅಂಗಳ. ನೀವು ಎದ್ದು ಓಡುವಷ್ಟರಲ್ಲಿ ವಾಕರ್ ಅಂಚಿಗೆ ಹೋಗಿರುತ್ತದೆ. ಕೆನಡಾ ದೇಶ 2004ರಲ್ಲಿ ಇವುಗಳ ಮಾರಾಟ, ಆಮದು, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು. ನಮ್ಮಲ್ಲಿ ಇನ್ನೂ ಬಣ್ಣಬಣ್ಣದಲ್ಲಿ ಅಂಗಡಿ ಮುಂದೆ ತೂಗುತ್ತವೆ. ಅಜ್ಜನ ಕಾಲದ ಮೂರು ಗಾಲಿಯ ಮರದ ತಳ್ಳುಗಾಡಿ ಇದೆಯಲ್ಲ, ಅದು ಬೇರೆ ಮಾತು. ಮಗು ತಾನೇ ಎದ್ದು, ಹಿಡಿದು, ತನ್ನ ಭಾರವನ್ನು ತಾನೇ ಹೊತ್ತು ತಳ್ಳುತ್ತದೆ. ಹಿಡಿದು ನಿಲ್ಲಲು ಕಲಿತ ಮಗುವಿಗೆ ಅದನ್ನು ಕೊಡಿ, ಗಾಲಿ ಸ್ವಲ್ಪ ಬಿಗಿಯಾಗಿರಲಿ.

ಮೊಬೈಲಿನ ಬಗ್ಗೆ ಒಂದೇ ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸಲಹೆಯ ಪ್ರಕಾರ ಎರಡು ವರ್ಷದೊಳಗೆ ಪರದೆ ಬೇಡ.

ಇಷ್ಟೆಲ್ಲ ಕೇಳಿ "ಹಾಗಾದರೆ ಏನೂ ಮಾಡಬೇಕಾಗಿಲ್ಲ, ಕಾಯೋಣ" ಎಂದು ಹೊರಟರೆ ನನ್ನ ಮಾತು ಅಪಾಯಕಾರಿಯಾಗುತ್ತದೆ. ಕೂರಿಸಬೇಡಿ ಎಂದೆ, ನೋಡಬೇಡಿ ಎನ್ನಲಿಲ್ಲ. ಕೂಸಿಗೆ ಕೈಹಾಕದೆ ಬಿಟ್ಟವರಿಗೇ ಅದನ್ನು ಚೆನ್ನಾಗಿ ನೋಡುವ ಅವಕಾಶ. ನಾಲ್ಕು ತಿಂಗಳು ದಾಟಿದರೂ ಕತ್ತು ನಿಲ್ಲದಿದ್ದರೆ ತೋರಿಸಿ. ಆ ವಯಸ್ಸಿನಲ್ಲೂ ಸದಾ ಮುಷ್ಟಿ ಬಿಗಿಹಿಡಿದೇ ಇದ್ದರೆ ತೋರಿಸಿ. ಒಂದು ವರ್ಷದೊಳಗೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ "ನಮ್ಮದು ಎಡಚ" ಎಂದು ನಗಬೇಡಿ. ಅಷ್ಟು ಬೇಗ ಯಾವ ಮಗುವೂ ಕೈ ಆರಿಸಿಕೊಳ್ಳುವುದಿಲ್ಲ, ಇನ್ನೊಂದು ಕೈಗೆ ಏನೋ ಅಡ್ಡಿಯಿರಬಹುದು. ತೆವಳುವಾಗ ಒಂದು ಕಾಲನ್ನು ಎಳೆಯುವುದು, ಎತ್ತಿಕೊಂಡರೆ ಎರಡೂ ಕಾಲು ಕತ್ತರಿ ಹಾಕಿ ಸೆಟೆಯುವುದು, ಅಥವಾ ಎತ್ತಿದರೆ ಕೈಯಿಂದ ಜಾರುವಷ್ಟು ಮೈ ಸಡಿಲವಾಗಿರುವುದು, ಇವೂ ಹಾಗೆಯೇ. ಒಂಬತ್ತು ತಿಂಗಳು ಕಳೆದರೂ ಕೂರದ, ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ಪರೀಕ್ಷೆ ಮಾಡಿಸಲೇಬೇಕು. ಇವೆಲ್ಲಕ್ಕಿಂತ ತುರ್ತಿನದು, ನಿನ್ನೆಯವರೆಗೆ ಮಾಡುತ್ತಿದ್ದುದನ್ನು ಮಗು ಇಂದು ಮಾಡದಿರುವುದು. ಅದಕ್ಕೆ ಒಂದು ವಾರವೂ ಕಾಯಬಾರದು. ಹುಟ್ಟಿದಾಗ ತಡವಾಗಿ ಅತ್ತ, ತೀವ್ರ ಕಾಮಾಲೆಯಾಗಿದ್ದ, ತೂಕ ತೀರ ಕಡಿಮೆಯಿದ್ದ ಮಕ್ಕಳನ್ನು ಲಕ್ಷಣ ಕಾಣುವ ಮೊದಲೇ ತೋರಿಸುತ್ತಿರಿ. "ಅವರಪ್ಪನೂ ತಡವಾಗಿ ನಡೆದದ್ದು" ಎಂಬ ಮಾತು ಅನೇಕ ಮನೆಗಳಲ್ಲಿ ನಿಜವೇ. ಆದರೂ ಪರೀಕ್ಷೆ ಮಾಡಿಸಿ ಆಮೇಲೆ ಹೇಳೋಣ.

ಎಲ್ಲಿ ತೋರಿಸುವುದು? 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಆ ದಿನ ಕೂಸುಗಳನ್ನು ಎತ್ತಿಕೊಂಡು ಬನ್ನಿ, ಅಂಗನವಾಡಿ ಮಕ್ಕಳಿಗೆ ಮಾತ್ರ ಎಂದುಕೊಳ್ಳಬೇಡಿ. ನಿಮ್ಮ ತಾಯಿ ಕಾರ್ಡಿನಲ್ಲಿ ಯಾವ ವಯಸ್ಸಿಗೆ ಮಗು ಏನು ಮಾಡುತ್ತದೆಂಬ ಚಿತ್ರಗಳಿವೆ. ಲಸಿಕೆಯ ಪುಟದ ಆಚೆಗೆ ಯಾರೂ ತಿರುವಿ ನೋಡುವುದಿಲ್ಲ.

ಕೊನೆಗೆ ತೋಟದ ಕೆಲಸಕ್ಕೆ ಹೋಗುವ ತಾಯಂದಿರ ವಿಚಾರ. ಹಣ್ಣು ಕೊಯ್ಯುವ ದಿನಗಳಲ್ಲಿ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಾರೆ. ಕೆಳಗೆ ಇರುವೆ, ಹಾವು, ಮಳೆಯಿದ್ದರೆ ಇಂಬಳ. ಅವರ ಮುಂದೆ ನಿಂತು "ನೆಲ ಕೊಡಿ" ಎನ್ನುವ ಧೈರ್ಯ ನನಗಿಲ್ಲ. ಜೋಲಿ ಕೂಸನ್ನು ಕಾಪಾಡುತ್ತದೆ, ಜೊತೆಗೆ ಅಲುಗಾಡದಂತೆ ಹಿಡಿದೂ ಇಡುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆಯೇ ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು ಹೇಳಿತ್ತು. ಸಣ್ಣ ತೋಟಗಳು ಈ ಲೆಕ್ಕದಿಂದ ಹೊರಗೇ ಉಳಿದವು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆದಿದೆ. ಇದ್ದಲ್ಲಿ ಬಳಸಿಕೊಳ್ಳಿ, ಇಲ್ಲದಲ್ಲಿ ಗ್ರಾಮಸಭೆಯಲ್ಲಿ ಕೇಳಿ. ಸಂಜೆ ಮನೆಗೆ ಬಂದ ಮೇಲೆ ಅಡುಗೆಯಾಗುವಷ್ಟು ಹೊತ್ತು ಕೂಸನ್ನು ಅಣ್ಣನೋ ಅಕ್ಕನೋ ಎತ್ತಿಕೊಂಡು ತಿರುಗುವ ಬದಲು ಚಾಪೆಯ ಮೇಲೆ ಬಿಟ್ಟು ಎದುರು ಕುಳಿತು ಆಡಿಸಲಿ. ಅಷ್ಟಾದರೂ ಆಗುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳು:

ಅಂಗನವಾಡಿ ಕಾರ್ಯಕರ್ತೆಯೊಬ್ಬರು: "ನಡೆಯಲು ಕಲಿಯುವಾಗ ಶೂ ಹಾಕಿದರೆ ಪಾದ ಗಟ್ಟಿಯಾಗುತ್ತದೆ ಎನ್ನುತ್ತಾರಲ್ಲ?"

ಮನೆಯೊಳಗೆ ಬರಿಗಾಲೇ ಒಳ್ಳೆಯದು. ಬೆರಳುಗಳು ನೆಲವನ್ನು ಹಿಡಿಯಬೇಕು. ಹೊರಗೆ ಮುಳ್ಳು, ಬಿಸಿ, ಕೊಳಕು ಇರುವಲ್ಲಿ ಮಡಚಿದರೆ ಮಡಚಿಕೊಳ್ಳುವ ಮೆತ್ತನೆಯ ಚಪ್ಪಲಿ ಸಾಕು. ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿಯೇ ಇರುತ್ತದೆ, ಪಾದದ ಕಮಾನು ನಿಧಾನವಾಗಿ ಮೂಡುತ್ತದೆ. ಅದಕ್ಕೆಂದು ದುಬಾರಿ ಶೂ ಕೊಳ್ಳಬೇಡಿ.

ತಾಯಿಯೊಬ್ಬರು: "ನಮ್ಮ ಅತ್ತೆಯವರು ಎರಡು ತಿಂಗಳ ಕೂಸನ್ನು ನಿಲ್ಲಿಸಿ ಹೆಜ್ಜೆ ಹಾಕಿಸುತ್ತಿದ್ದರು. ಈಗ ಅದು ಹೆಜ್ಜೆಯನ್ನೇ ಎತ್ತುವುದಿಲ್ಲ. ಕಾಲಿನ ಬಲ ಹೋಯಿತೇ?"

ಹೋಗಿಲ್ಲ. ಹುಟ್ಟಿದ ಕೂಸನ್ನು ಎತ್ತಿ ಹಿಡಿದು ಪಾದ ನೆಲಕ್ಕೆ ತಾಗಿಸಿದರೆ ಹೆಜ್ಜೆ ಹಾಕುತ್ತದೆ. ಎರಡು ತಿಂಗಳ ಹೊತ್ತಿಗೆ ಹೀಗೆ ಹೆಜ್ಜೆ ಹಾಕುವುದು ನಿಂತುಹೋಗುತ್ತದೆ. ಅಮೆರಿಕದ ಎಸ್ತರ್ ಥೆಲೆನ್ ಮತ್ತು ಸಂಗಡಿಗರು ಇದರ ಕಾರಣವನ್ನು 1984ರಲ್ಲಿ ತೋರಿಸಿಕೊಟ್ಟರು. ಕೂಸುಗಳನ್ನು ಎದೆಮಟ್ಟದ ನೀರಿನಲ್ಲಿ, ಕಾಲಿನ ಭಾರ ಕಡಿಮೆಯಾಗುವಂತೆ, ಹಿಡಿದಾಗ ಅವು ಹೆಚ್ಚು ಹೆಜ್ಜೆ ಹಾಕಿದವು. ಕಾಲು ಬೇಗ ದಪ್ಪವಾಗಿತ್ತು, ಎತ್ತುವ ಸ್ನಾಯು ಇನ್ನೂ ಅಷ್ಟು ಬೆಳೆದಿರಲಿಲ್ಲ, ಅಷ್ಟೇ. ನಿಮ್ಮ ಕೂಸು ಅಂಗಾತ ಮಲಗಿ ಒದೆಯುತ್ತದೆಯೇ? ಎರಡೂ ಕಾಲಿನಲ್ಲಿ? ಹಾಗಾದರೆ ಅತ್ತೆಯವರಿಗೆ ಚಿಂತೆ ಬೇಡವೆಂದು ಹೇಳಿ.

ಅಜ್ಜಿಯೊಬ್ಬರು: "ಮೊಮ್ಮಗನಿಗೆ ಒಂದೂವರೆ ವರ್ಷ, ಕಾಲು ಬಿಲ್ಲಿನಂತೆ ಬಾಗಿದೆ. ರಾತ್ರಿ ಮಲಗಿದಾಗ ಎರಡೂ ಕಾಲು ಸೇರಿಸಿ ಬಟ್ಟೆ ಕಟ್ಟುತ್ತಿದ್ದೇವೆ."

ಕಟ್ಟಬೇಡಿ ಅಜ್ಜಿ. ಎರಡು ವರ್ಷದವರೆಗೆ ಮಕ್ಕಳ ಕಾಲು ಹೊರಕ್ಕೆ ಬಾಗಿರುವುದು ಸಹಜ. ಮೂರು ನಾಲ್ಕನೆಯ ವರ್ಷದಲ್ಲಿ ಮಂಡಿಗಳು ಒಳಕ್ಕೆ ತಾಗುವಂತೆ ಆಗಿ, ಏಳು ವರ್ಷದ ಹೊತ್ತಿಗೆ ತಾವಾಗಿ ನೇರವಾಗುತ್ತವೆ. ಕಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆದರೆ ಬಾಗು ಒಂದೇ ಕಾಲಿನಲ್ಲಿದ್ದರೆ, ಇಲ್ಲವೇ ದಿನದಿನಕ್ಕೆ ಹೆಚ್ಚುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಎರಡೂ ಕಾಲು ಬಾಗಿ, ಜೊತೆಗೆ ಮಣಿಕಟ್ಟೂ ದಪ್ಪವಾಗಿದ್ದರೆ ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗ ಇರಬಹುದು, ಆಗಲೂ ತೋರಿಸಬೇಕು. ಹುಟ್ಟಿದಂದಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಕೊಡಬೇಕೆಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ನಮ್ಮ ಕಡೆ ಮಳೆಗಾಲದಲ್ಲಿ ಬಿಸಿಲು ಕಾಣುವುದೇ ಅಪರೂಪ, ಹಾಗಾಗಿ ಹನಿ ತಪ್ಪಿಸಬೇಡಿ. ನಿಮ್ಮ ಮೊಮ್ಮಗನನ್ನು ಊಟದ ಬಿಡುವಿನಲ್ಲಿ ಇಲ್ಲಿಗೇ ಕರೆದುಕೊಂಡು ಬನ್ನಿ, ನಡೆಸಿ ನೋಡೋಣ.